ಗೋಡೆ ಮೇಲಿನ ಅಲೆಗೆ ಎಷ್ಟು ಬೆಲೆ?

ಗೃಹಪ್ರವೇಶಕ್ಕೆ ಹೋಗಿದ್ದೀರಿ. ಅರಿಶಿನ ಕುಂಕುಮ ಆಯಿತು, ಊಟವೂ ಆಯಿತು. ಮನೆಯೊಡತಿ ಕೈ ಹಿಡಿದು ಒಂದೊಂದೇ ಕೋಣೆ ತೋರಿಸುತ್ತಾ ಕೊನೆಗೆ ಹಾಲ್‌ಗೆ ಕರೆತರುತ್ತಾರೆ. ಸೋಫಾದ ಹಿಂದಿನ ಗೋಡೆಯಲ್ಲಿ, ಮರಳಿನ ಮೇಲೆ ಗಾಳಿ ಆಡಿದ ಹಾಗೆ, ಅಲೆ ಅಲೆ. ಮೇಲೆ ಸೀಲಿಂಗ್‌ನಲ್ಲೂ ಅಂಥದ್ದೇ ಉಬ್ಬು ತಗ್ಗು, ಅದರ ಅಂಚಿನಲ್ಲಿ ಅಡಗಿಸಿಟ್ಟ ಹಳದಿ ದೀಪ. ‘ಟೆಕ್ಸ್ಚರ್ ಮಾಡಿಸಿದ್ವಿ ಕಣ್ರೀ’ ಅನ್ನುತ್ತಾರೆ ಅವರು. ನೀವು ಬೆರಳಿನಿಂದ ಮೆಲ್ಲಗೆ ಸವರಿ ನೋಡುತ್ತೀರಿ. ವಾಪಸ್ ಬಂದು ನಿಮ್ಮ ಮನೆಯ ಸಪಾಟು ಗೋಡೆ ನೋಡಿದರೆ... ಯಾಕೋ ಬೋಳು ಬೋಳು! ಅಂದು ರಾತ್ರಿಯೇ ಯಜಮಾನರ ಹತ್ತಿರ ಮಾತು ತೆಗೆಯುತ್ತೀರಿ.

ನಾನೂ ಹಾಗೇ ಮಾತು ತೆಗೆದವಳು. 2015ರಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಹಟ ಹಿಡಿದು ಹಾಲ್‌ನ ನಾಲ್ಕೂ ಗೋಡೆಗೆ ಟೆಕ್ಸ್ಚರ್ ಮಾಡಿಸಿದೆ. ಬೇಡ ಅಂದವರು ಯಾರೂ ಇರಲಿಲ್ಲ. ಮತ್ತಿಘಟ್ಟದಿಂದ ಬಂದಿದ್ದ ನಮ್ಮ ಆಯಿ ಮಾತ್ರ ಗೋಡೆಯ ಎದುರು ಸ್ವಲ್ಪ ಹೊತ್ತು ನಿಂತು, ‘ಚೆಂದ ಇದ್ದು ಕೂಸೆ. ಆದ್ರೆ ಇದ್ನ ಒರೆಸದು ಯಾರೆ?’ ಅಂದರು. ನಾನು ನಕ್ಕುಬಿಟ್ಟೆ. ಗೋಡೆಯನ್ನು ಯಾರಾದರೂ ಒರೆಸುತ್ತಾರಾ ಅಂತ!

ಹತ್ತು ವರ್ಷ ಆ ಗೋಡೆಯ ಜೊತೆ ಬದುಕಿದ ಮೇಲೆ ಹೇಳುತ್ತಿದ್ದೇನೆ. ಟೆಕ್ಸ್ಚರ್ ಬೇಡವೇ ಬೇಡ ಅಂತಲ್ಲ. ಆದರೆ ಪೇಂಟರ್ ಹೇಳುವ ‘ಚದರಡಿಗೆ ಇಷ್ಟು’ ಅನ್ನುವ ರೇಟು ಇದೆಯಲ್ಲ, ಅದು ಬರೀ ಮೊದಲ ಕಂತು. ಉಳಿದ ಕಂತುಗಳನ್ನು ಕಟ್ಟುವವರು ನೀವು, ಅದೂ ಸೊಂಟ ಬಗ್ಗಿಸಿ, ಸ್ಟೂಲ್ ಹತ್ತಿ. ಆ ಲೆಕ್ಕ ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ.

ಮೊದಲು ದುಡ್ಡಿನ ಲೆಕ್ಕವನ್ನೇ ನೋಡೋಣ. ಈಚೆಗೆ ಪರಿಚಯದ ಪೇಂಟರ್‌ಗಳನ್ನು ವಿಚಾರಿಸಿದಾಗ ಸಾದಾ ಇಮಲ್ಶನ್ ಬಣ್ಣಕ್ಕೆ ಸಾಮಾನು ಕೂಲಿ ಸೇರಿ ಚದರಡಿಗೆ ಇಪ್ಪತ್ತು ರೂಪಾಯಿ ಆಸುಪಾಸು ಅಂದರು. ಟೆಕ್ಸ್ಚರ್‌ನಲ್ಲಿ ಬಗೆ ಬಗೆ ಇದೆ. ರೋಲರ್ ಉರುಳಿಸಿ ಮಾಡುವುದು, ಬಾಚಣಿಗೆ ಎಳೆದ ಹಾಗೆ ಗೆರೆ ಮೂಡಿಸುವುದು, ಕರಣೆಯಲ್ಲಿ ತಟ್ಟಿ ತಟ್ಟಿ ಎತ್ತುವುದು, ಮರಳು ಮರಳಾಗಿ ಬಿಡುವುದು, ಮೇಲೊಂದು ಚಿನ್ನದ ಮಿನುಗು ಕೊಡುವುದು. ಸಾಧಾರಣ ನಮೂನೆಗೆ ಐವತ್ತರಿಂದ ಎಂಬತ್ತು ರೂಪಾಯಿ ಹೇಳಿದರು, ಮಿನುಗಿನವಕ್ಕೆ ನೂರೈವತ್ತು, ಅದಕ್ಕೂ ಮೇಲೆ. ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಇದು ಬೇರೆಯಾಗುತ್ತದೆ. ನಿಮ್ಮ ಊರಿನ ರೇಟನ್ನು ನೀವೇ ಕೇಳಿಕೊಳ್ಳಿ. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ.

ಹನ್ನೆರಡಕ್ಕೆ ಹದಿನೈದು ಅಡಿಯ ಹಾಲ್, ಹತ್ತು ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ನಾಲ್ಕು ಗೋಡೆ ಸೇರಿ 540 ಚದರಡಿ. ಬಾಗಿಲು ಕಿಟಕಿ 80 ಕಳೆದರೆ 460. ಸಾದಾ ಬಣ್ಣಕ್ಕೆ ಇಪ್ಪತ್ತರಂತೆ 9,200 ರೂಪಾಯಿ. ಟೆಕ್ಸ್ಚರ್‌ಗೆ ಎಪ್ಪತ್ತರಂತೆ ಹಿಡಿದರೂ 32,200. ನೂರೈವತ್ತರ ನಮೂನೆ ಆರಿಸಿದಿರೋ, 69,000! ಸೀಲಿಂಗ್ ಸೇರಿಸಿದರೆ ಇನ್ನೂ 180 ಚದರಡಿ. ಅದೇ ಒಂದೇ ಒಂದು ಗೋಡೆಗೆ, ಹನ್ನೆರಡಕ್ಕೆ ಹತ್ತು ಅಡಿಯದಕ್ಕೆ, 8,400ರಲ್ಲಿ ಮುಗಿಯುತ್ತದೆ. ಇಲ್ಲೊಂದು ಸಣ್ಣ ವಿಷಯ. ಬಾಗಿಲು ಕಿಟಕಿಯ ಜಾಗ ಕಳೆದು ಅಳೆಯುತ್ತಾರೋ, ಸೇರಿಸಿ ಅಳೆಯುತ್ತಾರೋ ಅಂತ ಮೊದಲೇ ಕೇಳಿ. ನಾನು ಕೇಳಿರಲಿಲ್ಲ. ಗಾಳಿಗೂ ಬೆಳಕಿಗೂ ಟೆಕ್ಸ್ಚರ್ ರೇಟು ಕೊಟ್ಟೆ.

ಇದು ಹಾಕುವ ಖರ್ಚಾಯಿತು. ತೆಗೆಯುವ ಖರ್ಚು? ಸಾದಾ ಗೋಡೆಯಾದರೆ ಆರೇಳು ವರ್ಷಕ್ಕೆ ಬೇಸರ ಬಂದಾಗ ಸ್ವಲ್ಪ ಉಜ್ಜಿ ಇನ್ನೊಂದು ಬಣ್ಣ ಹೊಡೆಸುತ್ತೀರಿ. ಮತ್ತೆ ಒಂಬತ್ತು ಸಾವಿರ, ಬೆಲೆ ಏರಿದ್ದರೆ ಸ್ವಲ್ಪ ಹೆಚ್ಚು. ಟೆಕ್ಸ್ಚರ್ ಗೋಡೆ ಹಾಗೆ ಬಿಟ್ಟುಕೊಡುವುದಿಲ್ಲ. ಕೆರೆಯಬೇಕು, ಉಜ್ಜಬೇಕು, ಎರಡು ಮೂರು ಸಲ ಪುಟ್ಟಿ ಹಾಕಿ ಸಪಾಟು ಮಾಡಬೇಕು, ಪ್ರೈಮರ್ ಹೊಡೆಯಬೇಕು. ಆಮೇಲೆ ಬಣ್ಣ. ಈ ಕೆರೆತಕ್ಕೇ ಚದರಡಿಗೆ ಮೂವತ್ತು ಕೇಳಿದರು ನನ್ನ ಹತ್ತಿರ. 460 ಚದರಡಿಗೆ 13,800, ಮೇಲೆ ಬಣ್ಣದ 9,200, ಒಟ್ಟು 23,000. ಹಾಕಿಸಲು 32,200, ತೆಗೆಸಲು 23,000! ಸಾದಾ ಬಣ್ಣ ಎರಡು ಸಲ ಹೊಡೆಸಿದ್ದರೂ ಇಪ್ಪತ್ತು ಸಾವಿರದ ಒಳಗೆ ಆಗುತ್ತಿತ್ತು.

‘ತೆಗೆಯೋದ್ಯಾಕೆ, ಅದರ ಮೇಲೇ ಬೇರೆ ಬಣ್ಣ ಹೊಡೆದರಾಯ್ತು’ ಅನ್ನುವವರಿದ್ದಾರೆ. ಆಗಬಹುದು. ಆದರೆ ಉಬ್ಬು ತಗ್ಗಿನ ಗೋಡೆ ಸಪಾಟು ಗೋಡೆಗಿಂತ ಹೆಚ್ಚು ಬಣ್ಣ ಕುಡಿಯುತ್ತದೆ. ಮತ್ತೆ ಬಣ್ಣ ಬದಲಾದರೂ ಅಲೆ ಅದೇ ಅಲೆ. ಬೇಸರ ಬಂದಿದ್ದು ಬಣ್ಣದ ಮೇಲಲ್ಲವಲ್ಲ!

ಇನ್ನು ಧೂಳು. ಹುಬ್ಬಳ್ಳಿಯ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಸಪಾಟು ಗೋಡೆಯ ಮೇಲೆ ಧೂಳು ಕೂರುವುದು ಕಡಿಮೆ. ಟೆಕ್ಸ್ಚರ್‌ನ ಪ್ರತಿ ಅಲೆಯೂ ಒಂದು ಪುಟ್ಟ ಶೆಲ್ಫು. ಮೂರು ತಿಂಗಳಿಗೆ ನನ್ನ ಕೆನೆ ಬಣ್ಣದ ಗೋಡೆಯ ಅಲೆಗಳ ಮೇಲಂಚು ಬೂದಿ ಬಣ್ಣಕ್ಕೆ ತಿರುಗಿತು. ಒಣ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ನೂಲೇ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಕೆಸರಾಗಿ ತಗ್ಗಿಗೆ ಇಳಿದು ಅಲ್ಲೇ ಕೂರುತ್ತದೆ. ಕೊನೆಗೆ ದಾರಿ ಉಳಿದಿದ್ದು ಪೇಂಟ್ ಬ್ರಶ್ಶು, ವ್ಯಾಕ್ಯೂಮ್ ಕ್ಲೀನರ್, ಶನಿವಾರದ ಮಧ್ಯಾಹ್ನ. ಮನೆಗೆಲಸದವಳಿಗೆ ಹೇಳಿದೆ. ‘ಗ್ವಾಡಿ ಒರಸೋದು ನಮ್ಮ ಮಾತಿನಾಗ ಇರಲಿಲ್ಲರೀ ಅಕ್ಕಾರ’ ಅಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ತಿಂಗಳಿಗೆ ಇನ್ನೂರು ಹೆಚ್ಚು ಕೊಡುತ್ತೇನೆ ಅಂದರೂ ಅವಳು ಒಪ್ಪಲಿಲ್ಲ. ಹಾಗಾಗಿ ಆ ಇನ್ನೂರು ರೂಪಾಯಿಯ ಕೆಲಸ ನನ್ನ ಪಾಲಿಗೆ ಬಂತು, ಬಿಟ್ಟಿ. ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಬೇಕು ಅಂತ ಭಾಷಣ ಕೇಳುತ್ತೇವೆ. ಗೋಡೆ ಆರಿಸುವಾಗ ನಾವೇ ಕಟ್ಟುವುದಿಲ್ಲ.

ದೇವರ ಮನೆಯ ಊದಿನಕಡ್ಡಿ, ದೀಪದ ಮಸಿ, ಅಡುಗೆಮನೆಯ ಒಗ್ಗರಣೆ ಜಿಡ್ಡು... ಇವೆಲ್ಲ ಸೇರಿದರೆ ಕೇಳಲೇಬೇಡಿ. ಓಪನ್ ಕಿಚನ್ ಇರುವ ಫ್ಲ್ಯಾಟ್‌ನವರು ಊಟದ ಮೇಜಿನ ಹಿಂದೆ ಟೆಕ್ಸ್ಚರ್ ಮಾಡಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಅಯ್ಯೋ ಅನಿಸುತ್ತದೆ. ಎಣ್ಣೆ ಜಿಡ್ಡಿಗೆ ಧೂಳು ಅಂಟಿದರೆ ಸೋಪಿನ ನೀರಿಗೂ ಜಗ್ಗುವುದಿಲ್ಲ.

ಇಷ್ಟೇ ಆಗಿದ್ದರೆ ಇದು ನನ್ನ ಒಬ್ಬಳ ಗೋಳು ಅಂತ ಸುಮ್ಮನಾಗುತ್ತಿದ್ದೆ. ಆದರೆ ನನ್ನ ಗೋಡೆ ನೋಡಿಕೊಂಡು ಹೋದವನು ನಮ್ಮ ಅಣ್ಣ.

ಮತ್ತಿಘಟ್ಟದ ನಮ್ಮ ತವರುಮನೆ ಹಳೆಯದು. ಚಿರೆಕಲ್ಲಿನ ದಪ್ಪ ಗೋಡೆ, ಮಣ್ಣಿನ ಗಾರೆ, ಮೇಲೆ ಹೆಂಚು. ಶಿರಸಿ ಸೀಮೆಯ ಮಳೆ ಗೊತ್ತಿದ್ದವರಿಗೆ ಗೊತ್ತು. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ, ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ. ನಾವು ಚಿಕ್ಕವರಿದ್ದಾಗ ಮಳೆಗಾಲಕ್ಕೆ ಮೊದಲು ಹೊರಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಇರಿಚಲು ಹೊಡೆಯದಿರಲಿ ಅಂತ. ದೀಪಾವಳಿಗೋ, ಮನೆಯಲ್ಲಿ ಮದುವೆಯಿದ್ದರೋ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೆ ನೆಂಟರು ಬರುತ್ತಾರೆ ಅಂತಲೋ ಒಳಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಅದು ಕೊತಕೊತ ಕುದಿಯುವುದನ್ನು ನೋಡಲು ನಾವು ಮಕ್ಕಳೆಲ್ಲ ದೂರದಲ್ಲಿ ಸಾಲಾಗಿ ಕೂರುತ್ತಿದ್ದೆವು.

2019ರ ಬೇಸಿಗೆಯಲ್ಲಿ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಆ ವರ್ಷ ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ಜಗುಲಿ ಮತ್ತು ನಡುಮನೆಯ ಗೋಡೆಗೆ ಸಿಮೆಂಟ್ ಮೆತ್ತಿಸಿ, ಶಿರಸಿಯಿಂದ ಜನ ಕರೆಸಿ ಟೆಕ್ಸ್ಚರ್ ಮಾಡಿಸಿದ. ಮದುವೆಗೆ ಬಂದವರೆಲ್ಲ ಗೋಡೆಗೆ ಒರಗಿ ಫೋಟೊ ತೆಗೆಸಿಕೊಂಡರು. ನನಗೂ ಹೆಮ್ಮೆಯೇ. ನನ್ನ ಮನೆಯದೇ ನಮೂನೆ!

ಆ ಆಗಸ್ಟ್‌ನ ಮಳೆ ನಿಮಗೂ ನೆನಪಿರಬಹುದು. ಉತ್ತರ ಕರ್ನಾಟಕ, ಮಲೆನಾಡು ಎಲ್ಲ ಕಡೆ ನೆರೆ ಬಂದ ವರ್ಷ ಅದು. ಒಂದು ದಿನ ಅತ್ತಿಗೆ ಫೋನ್ ಮಾಡಿದರು. ‘ತಂಗಿ, ಗೋಡೆ ಹಪ್ಪಳದಾಂಗೆ ಉಬ್ಬಿದ್ದು ನೋಡು’ ಅಂದರು. ಚೌತಿಗೆ ಹೋದಾಗ ಕಂಡೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಅಲೆಗಳು ಗುಳ್ಳೆ ಎದ್ದು ನಿಂತಿದ್ದವು. ಬೆರಳಿನಿಂದ ಒತ್ತಿದರೆ ಒಳಗೆ ನೀರು. ಸಂದಿಯಲ್ಲಿ ಕಪ್ಪು ಬೂಸ್ಟು, ಅಲ್ಲಲ್ಲಿ ಹತ್ತಿಯಂಥ ಬಿಳಿ ಉಪ್ಪು. ನಡುಮನೆಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಆಯಿಗೆ ಮೊದಲೇ ದಮ್ಮಿನ ತೊಂದರೆ. ಅವರ ಮಂಚ ಇದ್ದಿದ್ದು ಅದೇ ಗೋಡೆಗೆ ತಾಗಿ. ಆ ಮಳೆಗಾಲ ಅವರು ರಾತ್ರಿ ಕೂತೇ ಕಳೆದರು. ಮಂಚವನ್ನು ಮೆತ್ತಿಗೆ ಏರಿಸೋಣ ಅಂದರೆ ಮೆಟ್ಟಿಲು ಹತ್ತಲು ಅವರಿಗೆ ಆಗುವುದಿಲ್ಲ. ಅಣ್ಣ ಬೈಯಲಿಲ್ಲ. ‘ನಿನ್ನ ಮನೆ ನೋಡಿಯೇ ಮಾಡ್ಸಿದ್ದಾಗಿತ್ತು’ ಅಂತ ಅಷ್ಟೇ ಅಂದ. ಬೈದಿದ್ದರೇ ಚೆನ್ನಾಗಿತ್ತು.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡೆ. ನಿಮ್ಮ ಮನೆ ಬೆಂಗಳೂರಿನಲ್ಲಿದ್ದರೂ ಇದು ಉಪಯೋಗಕ್ಕೆ ಬರುತ್ತದೆ. ಹಳೆಯ ಮನೆಗಳ ಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ಬತ್ತಿ ಎಣ್ಣೆ ಹೀರುವ ಹಾಗೆ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಮಣ್ಣಿನ ಗಾರೆ, ಸುಣ್ಣ ಇದ್ದಾಗ ಆ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಗೋಡೆ ಉಸಿರಾಡುತ್ತಿತ್ತು ಅನ್ನಿ. ಜೊತೆಗೆ ಸುಣ್ಣದ ಖಾರಕ್ಕೆ ಬೂಸ್ಟು ಸುಲಭವಾಗಿ ಬೆಳೆಯುವುದಿಲ್ಲ. ಟೆಕ್ಸ್ಚರ್ ಅಂದರೆ ಅಕ್ರಿಲಿಕ್ ಅಂಟಿನಲ್ಲಿ ಮಾರ್ಬಲ್ ಪುಡಿಯನ್ನೋ ಮರಳಿನ ಕಾಳನ್ನೋ ಕಲಸಿದ ಮಿಶ್ರಣ. ಒದ್ದೆ ಗೋಡೆಗೆ ಅದನ್ನು ಬಳಿದರೆ ಒದ್ದೆ ತಲೆಗೆ ಪ್ಲಾಸ್ಟಿಕ್ ಕವರ್ ಕಟ್ಟಿದ ಹಾಗೆ. ನೀರು ಒಳಗೇ ಉಳಿಯುತ್ತದೆ, ಹೊರಗೆ ಬರಲು ತಳ್ಳುತ್ತದೆ, ಅಂಟು ಬಿಡುತ್ತದೆ. ಪೇಂಟಿನ ತಪ್ಪಲ್ಲ, ಪೇಂಟರ್‌ನ ತಪ್ಪೂ ಅಲ್ಲ. ಒಣ ಗೋಡೆಗೆ ಮಾಡಿದ ವಸ್ತುವನ್ನು ನಾವು ಒದ್ದೆ ಗೋಡೆಗೆ ತೊಡಿಸಿದೆವು.

ಪಟ್ಟಣದ ಮನೆಯಲ್ಲೂ ಒದ್ದೆ ಗೋಡೆ ಇಲ್ಲವೇ? ಬಾತ್‌ರೂಮಿಗೆ ಬೆನ್ನು ಹಾಕಿದ ಬೆಡ್‌ರೂಮ್ ಗೋಡೆ, ಮಳೆ ಹೊಡೆಯುವ ಪಶ್ಚಿಮದ ಗೋಡೆ, ತಾರಸಿ ಸೋರುವ ಮೇಲಿನ ಮಹಡಿ, ಪೈಪ್ ಹಾದುಹೋದ ಮೂಲೆ. ಎಷ್ಟೋ ಮನೆಗಳಲ್ಲಿ ಆ ಕಲೆ ಮುಚ್ಚುವುದಕ್ಕೇ ಟೆಕ್ಸ್ಚರ್ ಮಾಡಿಸುತ್ತಾರೆ! ‘ಇದನ್ನು ಹಾಕಿದರೆ ಕಾಣಲ್ಲ ಮೇಡಂ’ ಅನ್ನುತ್ತಾರೆ. ಕಾಣುವುದಿಲ್ಲ, ನಿಜ, ಒಂದು ಮಳೆಗಾಲದವರೆಗೆ. ಕೈಯಲ್ಲಿ ಮೂವತ್ತು ಸಾವಿರ ಇದ್ದರೆ ಮೊದಲು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಬಾತ್‌ರೂಮಿನ ಟೈಲ್ಸ್ ಸಂದಿ ತುಂಬಿಸಿ. ಅದು ಯಾವ ನೆಂಟರಿಗೂ ಕಾಣುವುದಿಲ್ಲ, ಹೊಗಳುವವರೂ ಇಲ್ಲ, ಗೊತ್ತು. ಹೊಸ ಮನೆಯಾದರೆ ಗಿಲಾವಿನ ನೀರು ಪೂರ್ತಿ ಆರಬೇಕು. ಕಡಿಮೆಯೆಂದರೂ ಒಂದು ತಿಂಗಳು, ಮಳೆಗಾಲವಾದರೆ ಇನ್ನೂ ಹೆಚ್ಚು. ಗೃಹಪ್ರವೇಶದ ಮುಹೂರ್ತಕ್ಕೆ ಗೋಡೆ ಕಾಯುವುದಿಲ್ಲ ನೋಡಿ.

ಅಣ್ಣ ಮುಂದಿನ ಬೇಸಿಗೆಯಲ್ಲಿ ಕೆಳಗಿನ ನಾಲ್ಕು ಅಡಿಯ ಟೆಕ್ಸ್ಚರ್, ಸಿಮೆಂಟ್ ಎಲ್ಲ ಕೆತ್ತಿಸಿದ. ಬರಿ ಕಲ್ಲು ಎರಡು ತಿಂಗಳು ಒಣಗಿತು. ಮೇಲೆ ಸುಣ್ಣದ ಗಾರೆ, ಸುಣ್ಣ. ಗಾರೆ ಕೆಲಸ ಗೊತ್ತಿದ್ದ ವಯಸ್ಸಾದ ಒಬ್ಬರನ್ನು ಹುಡುಕಿ ಕರೆತರುವುದೇ ದೊಡ್ಡ ಕೆಲಸವಾಯಿತು. ಟೆಕ್ಸ್ಚರ್‌ಗೆ ಆದದ್ದಕ್ಕಿಂತ ಹೆಚ್ಚು ಖರ್ಚು ಈ ರಿಪೇರಿಗೆ ಆಯಿತು ಅಂತ ಅತ್ತಿಗೆ ಆಮೇಲೆ ನನ್ನ ಹತ್ತಿರ ಮಾತ್ರ ಹೇಳಿದರು.

ಗೋಡೆಗೆ ಒಂದಿಷ್ಟು ಆಟ ಬೇಕು ಅನ್ನುವ ಆಸೆ ಹೊಸತೇನಲ್ಲ, ಅದು ತಪ್ಪೂ ಅಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದರೆ ಅಲ್ಲಿನ ಗೋಡೆಗಳ ಕಾವಿ ಚಿತ್ರ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಪದರ ಬಳಿದು, ಅದು ಹಸಿ ಇರುವಾಗಲೇ ಮೊನಚು ಸಲಾಕೆಯಿಂದ ಗೀರಿ ಕೆರೆದು ಕೆಳಗಿನ ಬಿಳುಪು ಕಾಣಿಸುವ ಕೆಲಸ ಅದು. ಕರಾವಳಿಯ ಉದ್ದಕ್ಕೂ ಗೋವಾ ತನಕ ಇದ್ದ ಕಲೆ. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ಅಲೆದು ಅದನ್ನು ದಾಖಲಿಸಿದರು. ಜೀರ್ಣೋದ್ಧಾರದ ಹೆಸರಲ್ಲಿ ಎಷ್ಟೋ ಕಡೆ ಅದರ ಮೇಲೆ ಟೈಲ್ಸ್, ಆಯಿಲ್ ಪೇಂಟ್ ಬಂದು ಕೂತವು, ಆ ಮಾತು ಬೇರೆ. ನಾನು ಹೇಳಹೊರಟಿದ್ದು ಏನೆಂದರೆ, ಅದೂ ಗೋಡೆಯ ಮೇಲಿನ ಕೆತ್ತು ಗೆರೆಯೇ. ಆದರೆ ಗೋಡೆಯ ಜಾತಿಯದೇ ವಸ್ತು, ಸುಣ್ಣಕ್ಕೆ ಸುಣ್ಣ.

ಇನ್ನೊಂದು ಹೆಂಗಸರದೇ ಕಲೆ. ಸಾಗರ, ಸೊರಬ, ಸಿದ್ದಾಪುರ, ಶಿರಸಿ ಕಡೆಯ ದೀವರ ಮನೆಗಳ ಹಸೆ ಚಿತ್ತಾರ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತಾರೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮುಂದಿನ ಮದುವೆಗೆ ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆದರಾಯಿತು. ತೆಗೆಯುವ ಖರ್ಚು ಸೊನ್ನೆ! ಈಗ ಇದನ್ನು ಕಾಗದ, ಬಟ್ಟೆಯ ಮೇಲೂ ಬರೆದು ಮಾರುವ ಕಲಾವಿದೆಯರು ಸಾಗರ ಭಾಗದಲ್ಲಿದ್ದಾರೆ. ಸೋಫಾ ಹಿಂದಿನ ಗೋಡೆ ಬೋಳು ಅನಿಸಿದರೆ ಅಂಥದ್ದೊಂದು ದೊಡ್ಡ ಚಿತ್ತಾರಕ್ಕೆ ಕಟ್ಟು ಹಾಕಿಸಿ ತೂಗುಹಾಕಿ ನೋಡಿ. ದುಡ್ಡು ಒಬ್ಬ ಹೆಣ್ಣುಮಗಳ ಕೈ ಸೇರುತ್ತದೆ. ಬೇಸರ ಬಂದರೆ ಬೆಡ್‌ರೂಮಿಗೆ ಸಾಗಿಸಬಹುದು, ಮನೆ ಬದಲಿಸಿದರೆ ಜೊತೆಗೇ ಒಯ್ಯಬಹುದು.

ಈಗ ಸೀಲಿಂಗ್ ವಿಷಯ. ಇದರಲ್ಲಿ ಮಾತ್ರ ನಾನು ಖಡಾಖಂಡಿತ. ಬೇಡ. ತಲೆಯ ಮೇಲೆ ಕೈ ಎತ್ತಿ ಮಾಡುವ ಕೆಲಸ, ಕೂಲಿ ಹೆಚ್ಚು, ಕೆಳಗೆ ಉದುರಿ ಹಾಳಾಗುವ ಸಾಮಾನೂ ಹೆಚ್ಚು. ಫ್ಯಾನ್ ದಿನವಿಡೀ ಧೂಳನ್ನು ಅಲ್ಲಿಗೇ ಎರಚುತ್ತದೆ. ಜೇಡರ ಬಲೆ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಜೇಡಕ್ಕೂ ಸಿಗಲಾರದು. ತೆಗೆಯಲು ಹೋದರೆ ಪೊರಕೆ ಕಡ್ಡಿ ಸಿಕ್ಕಿಕೊಳ್ಳುತ್ತದೆ, ಪುಡಿ ಕಣ್ಣಿಗೆ ಬೀಳುತ್ತದೆ. ಜಿಪ್ಸಂ, ಪಿಒಪಿ ಸೀಲಿಂಗ್ ಮಾಡಿಸಿ ಅದರ ಮೇಲೆ ಟೆಕ್ಸ್ಚರ್ ಅಂದರೆ ಎರಡು ಖರ್ಚು, ಮೇಲಾಗಿ ಅರ್ಧ ಮುಕ್ಕಾಲು ಅಡಿ ಎತ್ತರವೂ ಹೋಯಿತು. ಮೇಲಿನ ಮನೆಯ ಬಾತ್‌ರೂಮ್ ಸೋರಿದರೆ ಪಿಒಪಿ ನೆನೆದು ಕಲೆ ಬೀಳುವವರೆಗೆ ನಿಮಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದವರು ಈ ಪಾಠವನ್ನು ನಮಗಿಂತ ಮೊದಲು, ನಮಗಿಂತ ಕೆಟ್ಟದಾಗಿ ಕಲಿತರು. ಅಲ್ಲಿ 1950ರಿಂದ 80ರ ದಶಕದವರೆಗೆ ಸೀಲಿಂಗ್‌ಗೆ ಹರಳು ಹರಳಾದ ಲೇಪ ಸಿಂಪಡಿಸುವುದು ದೊಡ್ಡ ಫ್ಯಾಶನ್. ನೋಡಲು ಹುರಿದ ಜೋಳದ ಹಾಗೆ, ಅದಕ್ಕೇ ಪಾಪ್‌ಕಾರ್ನ್ ಸೀಲಿಂಗ್ ಅಂತಲೇ ಹೆಸರು. ಅದರಲ್ಲಿ ಎಷ್ಟೋ ಕಡೆ ಕಲ್ನಾರು ಬೆರೆಸುತ್ತಿದ್ದರು. ಕಲ್ನಾರಿನ ಧೂಳು ಉಸಿರಿನಲ್ಲಿ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು ಅಂತ ಖಚಿತವಾದ ಮೇಲೆ 1978ರಲ್ಲಿ ಅಂಥ ಸಿಂಪಡಣೆಯನ್ನು ಅಲ್ಲಿನ ಸರಕಾರ ನಿಷೇಧಿಸಿತು. ಬ್ರಿಟನ್‌ನಲ್ಲೂ ಆರ್ಟೆಕ್ಸ್ ಎಂಬ ಇಂಥದ್ದೇ ಲೇಪದ ಕಥೆ ಹೀಗೇ. ಅಲ್ಲಿ ಹಳೆಯ ಮನೆ ಕೊಳ್ಳುವ ನಮ್ಮ ಮಕ್ಕಳು ಈಗ ಮೊದಲು ಲ್ಯಾಬ್ ಪರೀಕ್ಷೆ ಮಾಡಿಸಿ, ಆಮೇಲೆ ಸೀಲಿಂಗ್ ಕೆರೆಸಬೇಕು. ಹಾಕಿಸಿದವರು ಯಾರೋ, ದುಡ್ಡು ಕೊಡುವವರು ಯಾರೋ!

ನಮ್ಮ ಅಕ್ರಿಲಿಕ್ ಟೆಕ್ಸ್ಚರ್ ಬೇರೆಯೇ ವಸ್ತು, ಅದಕ್ಕೆ ಇದನ್ನು ಹೋಲಿಸಿ ಹೆದರಬೇಡಿ. ಹಾಗಂತ ಕೆರೆಸುವಾಗ ಉಡಾಫೆ ಬೇಡ. ಮರಳಿನ ಸಣ್ಣ ಪುಡಿ ಎದೆಗೆ ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯ, ಕೆಳಗೆ ಹಳೆಯ ಬಣ್ಣ, ಅದರಲ್ಲೂ ಆಯಿಲ್ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರಬಹುದು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ಅಂದರೆ ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಿಸಿ. ಆ ನಾಲ್ಕು ದಿನ ಸಣ್ಣ ಮಕ್ಕಳು, ಬಸುರಿ ಹೆಂಗಸರು ಮನೆಯಲ್ಲಿರಬಾರದು. ಕೆಲಸದವರಿಗೂ ಮಾಸ್ಕ್ ಕೊಡಿಸಿ, ಅವರಿಗೂ ಶ್ವಾಸಕೋಶ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ‘ನನಗೆ ಆಸೆ ಇದೆ’ ಅನ್ನುತ್ತೀರಾ? ಸರಿ, ಆಸೆ ಯಾರಿಗಿಲ್ಲ. ಟೆಕ್ಸ್ಚರ್‌ಗೆ ಗುಣವೂ ಇದೆ. ಏರುಪೇರಾದ ಗಿಲಾವು, ಕೂದಲೆಳೆಯಂಥ ಬಿರುಕು ಮುಚ್ಚಿಹೋಗುತ್ತದೆ. ಸಂಜೆ ದೀಪ ಹಚ್ಚಿದಾಗ ಗೋಡೆಗೆ ಒಂದು ಕಳೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದೇ ಗೋಡೆ ಆರಿಸಿ. ಒಳಗೋಡೆಯಾಗಿರಲಿ, ಆಚೆ ಬದಿ ನೀರಿನ ಪೈಪ್ ಇಲ್ಲದ್ದು. ಮಕ್ಕಳು ಓಡಾಡುವ, ಕೈ ತಾಗುವ ಗೋಡೆ ಬೇಡ. ಆ ಉಬ್ಬಿಗೆ ಮೊಣಕೈ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ, ನಮ್ಮ ಮನೆಯಲ್ಲಿ ಎರಡು ಸಲ ಆಗಿದೆ. ಮೊಳೆ ಹೊಡೆಯುವ, ಮುಂದೆ ಏಸಿ ಕೂರಿಸುವ ಗೋಡೆಯೂ ಬೇಡ. ಒಮ್ಮೆ ತೂತು ಬಿದ್ದರೆ ತೇಪೆ ಎಂದೂ ಹೊಂದುವುದಿಲ್ಲ, ಅದೇ ಕೈ ಅದೇ ಒತ್ತಡ ಎರಡನೇ ಸಲ ಬರುವುದಿಲ್ಲ. ಮೇಲ್ಮೈ ತೀರಾ ಒರಟಿಲ್ಲದ, ಒರೆಸಿದರೆ ಬಟ್ಟೆ ಜಾರುವ ನಮೂನೆ ಕೇಳಿ. ರೇಟಿನಲ್ಲಿ ಪುಟ್ಟಿ, ಪ್ರೈಮರ್, ಎಷ್ಟು ಕೋಟು, ಸೋಫಾ ಮುಚ್ಚುವ ಪ್ಲಾಸ್ಟಿಕ್ಕು ಎಲ್ಲ ಸೇರಿದೆಯೋ ಇಲ್ಲವೋ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ, ಪೇಂಟರ್ ಎಷ್ಟೇ ಒಳ್ಳೆಯವನಿರಲಿ. ಕೆಲಸವನ್ನು ಫೆಬ್ರುವರಿಯಿಂದ ಮೇ ಒಳಗೆ ಮುಗಿಸಿ.

ಬಾಡಿಗೆ ಮನೆಯವರು ಈ ಕಡೆ ತಲೆಯೇ ಹಾಕಬೇಡಿ. ಬಿಡುವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಖರ್ಚು ಮುರಿದುಕೊಳ್ಳುವುದು ಹೇಗೂ ಇದ್ದದ್ದೇ. ಟೆಕ್ಸ್ಚರ್ ಕೆರೆಸುವ ಖರ್ಚನ್ನೂ ಓನರ್ ಅದರಲ್ಲೇ ಸೇರಿಸಿದರೆ ಜಗಳವಾಡಲು ನಿಮ್ಮ ಹತ್ತಿರ ಮಾತೇ ಇರುವುದಿಲ್ಲ.

ನನ್ನ ಹಾಲ್‌ನ ಮೂರು ಗೋಡೆ ಕಳೆದ ವರ್ಷ ಸಪಾಟಾದವು. ಟಿವಿ ಹಿಂದಿನದೊಂದನ್ನು ಹಾಗೇ ಬಿಟ್ಟಿದ್ದೇನೆ. ದುಡ್ಡು ಮುಗಿದಿದ್ದೂ ಒಂದು ಕಾರಣ.

ಕೊನೆಗೆ ಒಂದು ಉಪಾಯ ಹೇಳುತ್ತೇನೆ, ಪುಕ್ಕಟೆಯದು. ಕ್ಯಾಟಲಾಗಿನ ಫೋಟೊ ನೋಡಿ ಒಪ್ಪಿಕೊಳ್ಳಬೇಡಿ. ಎರಡಡಿಗೆ ಎರಡಡಿ ಪ್ಲೈವುಡ್ ತುಂಡಿನ ಮೇಲೆ ನಿಮಗೆ ಬೇಕಾದ ನಮೂನೆಯನ್ನು ಪೇಂಟರ್ ಹತ್ತಿರ ಮಾಡಿಸಿ. ಅದನ್ನು ಒಂದು ತಿಂಗಳು ಅಡುಗೆಮನೆ ಬಾಗಿಲ ಪಕ್ಕ ಒರಗಿಸಿಡಿ. ಬೆಳಗಿನ ಬಿಸಿಲಲ್ಲಿ ನೋಡಿ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿ. ತಿಂಗಳಾದ ಮೇಲೆ ಒಂದು ಭಾನುವಾರ ಅದನ್ನು ಒರೆಸಿ ಸ್ವಚ್ಛ ಮಾಡಬೇಕು. ಬಟ್ಟೆಯನ್ನು ಮಾತ್ರ ನೀವು ಹಿಡಿಯಬೇಡಿ. ಮನೆಯಲ್ಲಿ ‘ಮಾಡಿಸೋಣ ಬಿಡು, ಏನಾಗುತ್ತೆ’ ಅಂದವರು ಯಾರೋ, ಅವರ ಕೈಗೆ ಕೊಡಿ.